ಒಂದ್ಸಲ ಬಂದ್ರೆ ಮತ್ತೆ ಬರಲ್ಲ ಅಂತಾರಲ್ಲ

ನಮ್ಮಮ್ಮಂಗೆ ಕಾಯಿಲೆ ವಿಷ್ಯದಲ್ಲಿ ಒಂದು ಸಿದ್ಧಾಂತ ಇದೆ, ಒಂದ್ಸಲ ಬಂದು ಹೋಗಿದ್ದು ವಾಪಸ್ ಬರಲ್ಲ ಅಂತ. ನಾನು ಎರಡನೇ ಕ್ಲಾಸಲ್ಲಿದ್ದಾಗ ಮೈಮೇಲೆ ಅಮ್ಮ ಆಗಿತ್ತು, ಚಿಕನ್‌ಪಾಕ್ಸ್ ಅನ್ನೋ ಹೆಸರೆಲ್ಲ ಆಗ ನಮ್ಮನೇಲಿ ಯಾರೂ ಹೇಳ್ತಿರ್ಲಿಲ್ಲ, ಬೇವಿನ ಸೊಪ್ಪು ಹಾಸಿ ಮಲಗಿಸಿ, ಅಡಿಗೆಗೆ ಒಗ್ಗರಣೆ ಹಾಕ್ದೆ, ಕೊನೆಗೆ ಬೇವಿನ ನೀರಲ್ಲಿ ಸ್ನಾನ ಮಾಡಿಸಿ "ಆಯ್ತು ಬಿಡು, ಇನ್ನು ಜನ್ಮದಲ್ಲಿ ಬರಲ್ಲ" ಅಂದಿದ್ಲು. ಬರ್ಲೂ ಇಲ್ಲ. ಆ ವೈರಸ್ ಪೂರ್ತಿ ಮೈಬಿಟ್ಟು ಹೋಗಲ್ಲ, ನರದ ಬುಡದಲ್ಲಿ ಅಡಗಿ ಕೂತಿದ್ದು ವಯಸ್ಸಾದ್ಮೇಲೆ ಸರ್ಪಸುತ್ತು ಆಗಿ ಏಳುತ್ತೆ, ನಮ್ಮಜ್ಜಿಗೆ ಸೊಂಟದ ಸುತ್ತ ಎದ್ದಾಗ ಕೆಮ್ಮಣ್ಣು ಬಳಿದಿದ್ದು ನಂಗೆ ಚೆನ್ನಾಗಿ ನೆನಪಿದೆ, ಇರ್ಲಿ ಅದು ಬೇರೆ ಕಥೆ.

2024ರ ಜುಲೈಲಿ ತುಮಕೂರಿನ ಮನೇಲಿ ನಂಗೆ ಜ್ವರ ಬಂತು. ಸೋಮವಾರ ಸಾಯಂಕಾಲ ಆಫೀಸಿಂದ ಬರ್ತಾ ಬಸ್ಸಲ್ಲೇ ಚಳಿ ಶುರು ಆಯ್ತು, ರಾತ್ರಿ ಅಷ್ಟೊತ್ತಿಗೆ 103 ಡಿಗ್ರಿ, ಕಣ್ಣು ಆ ಕಡೆ ಈ ಕಡೆ ತಿರುಗ್ಸಿದ್ರೆ ಕಣ್ಣಿನ ಹಿಂದೆ ಯಾರೋ ಒಳಗಿಂದ ಒತ್ತಿದಂಗೆ ನೋವು, ಸೊಂಟ ಮಂಡಿ ಎಲ್ಲಾ ಒನಕೆಲಿ ಕುಟ್ಟಿದಂಗೆ. ನಂಗೆ ಈ ನೋವು ಪರಿಚಯ ಇತ್ತು, ಯಾಕಂದ್ರೆ 2019ರಲ್ಲಿ ಬೆಂಗ್ಳೂರಲ್ಲಿ ಪೀಜಿಲಿದ್ದಾಗ ಒಂದ್ಸಲ ಡೆಂಗ್ಯೂ ಆಗಿತ್ತು, ಆಗ ಒಂದು ವಾರ ಮಲಗಿ ಎದ್ದಿದ್ದೆ ಅಷ್ಟೇ, ಆಸ್ಪತ್ರೆಗೂ ಹೋಗಿರ್ಲಿಲ್ಲ. ಅಮ್ಮ ಮಾತ್ರ ಒಪ್ಪಲ್ಲ. "ನಿಂಗೆ ಆಗ್ಲೇ ಬಂದು ಹೋಗೈತಲ್ಲೋ, ಇದು ಬ್ಯಾರೆ ಯಾವ್ದೋ ಜ್ವರ, ಕಷಾಯ ಕುಡಿ ಸರಿಹೋಗ್ತದೆ."

ಮಾರನೇ ದಿನ ಬ್ಲಡ್ ಟೆಸ್ಟ್ ಮಾಡಿಸ್ದೆ. ಎನ್‌ಎಸ್ 1 ಪಾಸಿಟಿವ್. ಎನ್‌ಎಸ್ 1 ಅಂದ್ರೆ ಡೆಂಗ್ಯೂ ವೈರಸ್ ನಮ್ಮ ಜೀವಕೋಶದೊಳಗೆ ಕೂತು ತಯಾರಿಸಿ ರಕ್ತಕ್ಕೆ ಬಿಡೋ ಒಂದು ಪ್ರೋಟೀನು, ಜ್ವರದ ಮೊದಲನೇ ದಿನದಿಂದಾನೇ ಸಿಗುತ್ತೆ, ನಾಕೈದು ದಿನ ಆದ್ಮೇಲೆ ಕಮ್ಮಿ ಆಗುತ್ತೆ. ನಮ್ಮತ್ತೆ ಮಗ ಒಂದು ಲ್ಯಾಬಲ್ಲಿ ಟೆಕ್ನಿಷಿಯನ್, ಅವ್ನು ನಾಲ್ಕನೇ ದಿನ ಇನ್ನೊಂದ್ಸಲ ರಕ್ತ ತಗೊಂಡೋಗಿ ಫೋನ್ ಮಾಡಿ, "ಭಾವ, ಐಜಿಎಂ ಇನ್ನೂ ಸುಮಾರಾಗಿದೆ, ಆದ್ರೆ ಐಜಿಜಿ ಗೆರೆ ದಪ್ಪ ಬಂದಿದೆ, ನಿಮ್ಗೆ ಇದು ಸೆಕೆಂಡ್ ಟೈಮು, ಹುಷಾರು" ಅಂದ. ಐಜಿಎಂ, ಐಜಿಜಿ ಎರಡೂ ಆ್ಯಂಟಿಬಾಡಿ, ಅಂದ್ರೆ ವೈರಸ್ಸಿಗೆ ಅಂಟ್ಕೊಳೋಕೆ ಅಂತ ನಮ್ಮ ಮೈ ತಯಾರಿಸೋ ಪ್ರೋಟೀನು. ಮೊದಲನೇ ಸಲ ಸೋಂಕು ಆದೋರಿಗೆ ಐಜಿಜಿ ಬರೋಕೆ ಒಂದು ವಾರದ ಮೇಲೆ ಬೇಕು, ನಾಲ್ಕನೇ ದಿನಕ್ಕೇ ಅಷ್ಟು ದಪ್ಪ ಬಂತು ಅಂದ್ರೆ ಒಳಗಿರೋ ಹಳೇ ನೆನಪು ಎದ್ದಿದೆ ಅಂತ ಅರ್ಥ. ನಾನೋ ಖುಷಿಪಟ್ಟೆ. ಹಳೇ ನೆನಪು ಇದ್ರೆ ಒಳ್ಳೇದಲ್ವಾ, ಬೇಗ ಹೊಡ್ದು ಓಡಿಸುತ್ತೆ ಅಂತ.

ಐದನೇ ದಿನ ಬೆಳಿಗ್ಗೆ ಎದ್ದಾಗ ಜ್ವರ ಇಲ್ಲ! ಮೈ ತಣ್ಣಗಿದೆ, ಬೆವರು ಬಂದಿದೆ, ಥರ್ಮಾಮೀಟರ್ 98. ಅಮ್ಮ ದೇವ್ರಿಗೆ ದೀಪ ಹಚ್ಚಿ ಗಂಜಿ ಬಿಟ್ಟು ಇಡ್ಲಿ ಮಾಡಿದ್ಲು, ನಾನು ಆಫೀಸಿಗೆ ಸೋಮವಾರ ಬರ್ತೀನಿ ಅಂತ ಮೆಸೇಜೂ ಹಾಕ್ದೆ. ಮಧ್ಯಾಹ್ನ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಶುರು ಆಯ್ತು. ಇಡ್ಲಿ ಎಲ್ಲಾ ವಾಂತಿ. ನಾಕು ಸಲ ವಾಂತಿ ಆದ್ಮೇಲೆ ಎದ್ದು ನಿಂತ್ರೆ ಕಣ್ಣು ಕತ್ತಲೆ, ಕೈ ಕಾಲು ತಣ್ಣೀರಲ್ಲಿ ಅದ್ದಿದಂಗೆ, ಬೆಳಿಗ್ಗೆಯಿಂದ ಒಂದೇ ಸಲ ಮೂತ್ರಕ್ಕೆ ಹೋಗಿದ್ದೀನಿ ಅಂತ ಆಗ ಹೊಳೀತು. ಆಟೋದಲ್ಲಿ ಹಾಕ್ಕೊಂಡು ಹೋದ್ರು. ಡ್ಯೂಟಿ ಡಾಕ್ಟ್ರು ರಿಪೋರ್ಟ್ ಹಿಡಿದಾಗ ನಾನು ಕೇಳಿದ್ದು ಎಲ್ಲಾರೂ ಕೇಳೋ ಪ್ರಶ್ನೆನೇ, ಪ್ಲೇಟ್ಲೆಟ್ ಎಷ್ಟಿದೆ ಸಾರ್. ಅವ್ರು ಹೇಳಿದ್ದು, "ಪ್ಲೇಟ್ಲೆಟ್ ಆಮೇಲೆ ನೋಡಣ ರೀ, ಇಲ್ನೋಡಿ, ಪಿಸಿವಿ. ಮೊನ್ನೆ 41 ಇತ್ತು, ಇವತ್ತು 50. ಬೆಳಿಗ್ಗೆ ಜ್ವರ ಬಿಟ್ಟ ತಕ್ಷಣಾನೇ ನೀವು ಬರ್ಬೇಕಿತ್ತು."

ಈ ಪಿಸಿವಿ ಅನ್ನೋದನ್ನ ನಾನು ಅವತ್ತಿನವರೆಗೂ ರಿಪೋರ್ಟಲ್ಲಿ ಕಣ್ಣೆತ್ತಿ ನೋಡಿರ್ಲಿಲ್ಲ. ರಕ್ತದಲ್ಲಿ ನೂರು ಭಾಗ ಇದ್ರೆ ಅದ್ರಲ್ಲಿ ಕೆಂಪು ಕಣ ಎಷ್ಟು ಭಾಗ ಅನ್ನೋ ಲೆಕ್ಕ ಅದು. 41 ಇದ್ದಿದ್ದು 50 ಆಯ್ತು ಅಂದ್ರೆ ರಕ್ತ ಜಾಸ್ತಿ ಆಗಿದೆ ಅಂತಲ್ಲ, ನೀರಿನ ಭಾಗ ಸೋರಿ ಹೋಗಿ ಮಿಕ್ಕಿದ್ದು ಗಟ್ಟಿ ಆಗಿದೆ ಅಂತ, ಸಾರು ಒಲೆ ಮೇಲೆ ಮರೆತು ಬಿಟ್ರೆ ಗಟ್ಟಿ ಆಗುತ್ತಲ್ಲ ಹಂಗೆ. ಸೋರಿದ ನೀರು ಎಲ್ಲಿಗೂ ಹೋಗಿರಲ್ಲ, ಮೈಯೊಳಗೇ ಇರುತ್ತೆ, ಹೊಟ್ಟೇಲಿ, ಶ್ವಾಸಕೋಶದ ಸುತ್ತ, ಆದ್ರೆ ರಕ್ತನಾಳದಲ್ಲಿ ಇರಲ್ಲ. ನಂಗೆ ಸ್ಕ್ಯಾನಲ್ಲಿ ಹೊಟ್ಟೇಲಿ ಸ್ವಲ್ಪ ನೀರು ಕಾಣಿಸ್ತು, ಪಿತ್ತಕೋಶದ ಗೋಡೆ ಊದಿತ್ತು. ಇದು ಜ್ವರ ಇಳಿಯೋ ಹೊತ್ತಿಗೇ ಆಗೋದು, ಮೂರರಿಂದ ಏಳನೇ ದಿನದೊಳಗೆ, ಒಂದೆರಡು ದಿನ ಅಷ್ಟೇ, ಆದ್ರೆ ಆ ಒಂದೆರಡು ದಿನದಲ್ಲೇ ಬಿಪಿ ಬಿದ್ದು ಜನ ಸಾಯೋದು.

ಇಲ್ಲಿ ನಂಗೆ ತಲೆ ಕೆಟ್ಟಿದ್ದು ಏನಪ್ಪಾ ಅಂದ್ರೆ, ಆ ಹೊತ್ತಿಗೆ ರಕ್ತದಲ್ಲಿ ವೈರಸ್ ಕಮ್ಮಿ ಆಗ್ತಾ ಇರುತ್ತಂತೆ. ಅಂದ್ರೆ ವೈರಿ ಗಂಟುಮೂಟೆ ಕಟ್ಟೋ ಟೈಮಲ್ಲಿ ಮನೆ ಸೋರೋಕೆ ಶುರು ಆಗೋದು. ಹಂಗಾದ್ರೆ ಸೋರಿಸ್ತಿರೋರು ಯಾರು? ಮೂರು ದಿನ ಡ್ರಿಪ್ ಹಾಕ್ಕೊಂಡು ಮಲಗಿದ್ನಲ್ಲ, ಮೂತ್ರ ಅಳತೆ ಮಾಡ್ಕೊಂಡು ಬರೆಯೋದು ಬಿಟ್ರೆ ಬೇರೆ ಕೆಲ್ಸ ಇಲ್ಲ, ಆಗ ಶುರು ಆಗಿದ್ದು ಈ ಓದೋ ಹುಚ್ಚು, ಆಮೇಲೂ ತಿಂಗಳುಗಟ್ಟಲೆ ಬಿಡ್ಲಿಲ್ಲ.

ಸ್ಕೂಲಲ್ಲಿ ನಮ್ಗೆ ಬಿಳಿ ರಕ್ತಕಣ ಅಂದ್ರೆ ಸೈನಿಕರು ಅಂತ ಹೇಳ್ಕೊಟ್ಟಿದ್ರು, ಬಿಲ್ಲು ಬಾಣ ಹಿಡ್ಕೊಂಡಿರೋ ಚಿತ್ರ ಬೇರೆ. ಆ ಚಿತ್ರ ಇಟ್ಕೊಂಡು ಡೆಂಗ್ಯೂ ಅರ್ಥ ಮಾಡ್ಕೊಳೋಕೆ ಆಗೋದೇ ಇಲ್ಲ. ಈಡಿಸ್ ಹೆಣ್ಣು ಸೊಳ್ಳೆ ಹಗಲಲ್ಲಿ ಕಚ್ಚುತ್ತೆ, ವೈರಸ್ ಚರ್ಮಕ್ಕೆ ಇಳಿಯುತ್ತೆ. ಚರ್ಮದಲ್ಲಿ ಡೆಂಡ್ರಿಟಿಕ್ ಸೆಲ್ ಅಂತ ಕಾವಲು ಕೋಶ ಇವೆ, ಹೊರಗಿಂದ ಬಂದಿದ್ದನ್ನ ಹಿಡಿದು ಹತ್ತಿರದ ಲಿಂಫ್ ಗಂಟಿಗೆ ತಗೊಂಡೋಗಿ ತೋರ್ಸೋದು ಅವುಗಳ ಕೆಲ್ಸ, ಕಂಕುಳು ತೊಡೆಸಂದಿಲಿ ಇರ್ತವಲ್ಲ ಆ ಗಂಟು. ಡೆಂಗ್ಯೂ ವೈರಸ್ಸು ಇದೇ ಕಾವಲು ಕೋಶದೊಳಗೇ ಹೊಕ್ಕೊಳುತ್ತೆ. ದೂರು ಕೊಡೋಕೆ ಹೊರಟ ಜೀಪಲ್ಲೇ ಕಳ್ಳ ಕೂತ್ಕೊಂಡು ಸ್ಟೇಷನ್ ಸೇರಿದಂಗೆ. ಹಾಗಂತ ಸುಮ್ನೆ ಇರಲ್ಲ, ಸೋಂಕು ತಗಲಿದ ಕೋಶ ಸಾಯೋಕ್ ಮುಂಚೆ ಇಂಟರ್‌ಫೆರಾನ್ ಅಂತ ಒಂದು ವಸ್ತು ಬಿಡುತ್ತೆ, ಅಕ್ಕಪಕ್ಕದ ಕೋಶಗಳು ಬಾಗಿಲು ಹಾಕ್ಕೊಳ್ಳಿ ಅನ್ನೋ ಸೂಚನೆ ಅದು. ಇಂಟರ್‌ಫೆರಾನ್ ಕಂಡುಹಿಡಿದಿದ್ದು 1957ರಲ್ಲಿ ಲಂಡನ್ನಲ್ಲಿ, ಐಸಾಕ್ಸ್ ಮತ್ತು ಲಿಂಡನ್‌ಮನ್ ಅನ್ನೋರು. ಅದೇ 1957ರಲ್ಲೇ ನಮ್ಮ ಸೊರಬದ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಯೋಕೆ ಶುರುವಾಗಿ ಮಂಗನ ಕಾಯಿಲೆ ಗೊತ್ತಾಗಿದ್ದು, ಆ ವೈರಸ್ಸೂ ಡೆಂಗ್ಯೂ ಜಾತಿದೇ, ಫ್ಲೇವಿ ವೈರಸ್. ಕಾಕತಾಳೀಯ ಅಷ್ಟೇ, ಆದ್ರೂ ಓದಿದಾಗ ಮಜಾ ಅನ್ಸ್ತು.

ಈ ಮೈಕೈ ನೋವು ಚಳಿ ಜ್ವರ ಇದೆಯಲ್ಲ, ಅದ್ರಲ್ಲಿ ದೊಡ್ಡ ಪಾಲು ವೈರಸ್ ಮಾಡೋದಲ್ಲ, ಇಂಟರ್‌ಫೆರಾನ್ ಥರದ ನಮ್ಮದೇ ಸೂಚನೆಗಳು ಮಾಡೋದು. ಮೆದುಳಲ್ಲಿರೋ ಹೈಪೋಥಲಾಮಸ್ಸು ಮೈಯ ಬಿಸಿ ಎಷ್ಟಿರ್ಬೇಕು ಅನ್ನೋ ಗುರುತನ್ನ ಮೇಲಕ್ಕೆ ಏರಿಸುತ್ತೆ, ಅದಕ್ಕೇ 103 ಇದ್ರೂ ನಮ್ಗೆ ಚಳಿ ಆಗೋದು. ಇದಕ್ಕೆ ಪ್ಯಾರಾಸಿಟಮಾಲ್ ಸಾಕು. ನಮ್ಮ ಬೀದಿ ಮೆಡಿಕಲ್ ಸ್ಟೋರಲ್ಲಿ ಮೈಕೈ ನೋವು ಅಂದ ತಕ್ಷಣ ಒಂದು ಪೇನ್‌ಕಿಲ್ಲರ್ ಕೊಟ್ಟಿದ್ದ, ಪುಣ್ಯಕ್ಕೆ ನುಂಗಿರ್ಲಿಲ್ಲ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಇವೆಲ್ಲ ಡೆಂಗ್ಯೂಲಿ ರಕ್ತಸ್ರಾವ ಜಾಸ್ತಿ ಮಾಡೋ ಮಾತ್ರೆಗಳು, ದಯವಿಟ್ಟು ಬೇಡ.

ಈಗ ಅಸಲಿ ವಿಷ್ಯ. ಡೆಂಗ್ಯೂ ಒಂದಲ್ಲ, ನಾಲ್ಕು. ಡೆನ್ 1, 2, 3, 4. ನಾಲ್ಕು ಜನ ಅಣ್ಣತಮ್ಮಂದಿರ ಥರ, ಮೂಗು ಹಣೆ ಎಲ್ಲಾ ಒಂದೇ ಕಳೆ, ಆದ್ರೆ ಬೇರೆ ಬೇರೆ ಜನ. 2019ರಲ್ಲಿ ನಂಗೆ ಬಂದೋನು ಯಾರೋ ಒಬ್ಬ. ನನ್ನ ಬಿ ಸೆಲ್ ಅನ್ನೋ ಬಿಳಿ ರಕ್ತಕಣಗಳು ಅವನ ಮುಖ ನೋಡ್ಕೊಂಡು ಆ್ಯಂಟಿಬಾಡಿ ಮಾಡಿದ್ವು, ಗುರುತು ಇಟ್ಕೊಂಡ್ವು, ಆ ಒಬ್ಬ ಮತ್ತೆ ಬರಲ್ಲ, ಅಲ್ಲೀತನಕ ಅಮ್ಮನ ಸಿದ್ಧಾಂತ ಸರಿನೇ. 2024ರಲ್ಲಿ ಬಂದೋನು ಅವನ ತಮ್ಮ. ಹಳೇ ಬಿ ಸೆಲ್‌ಗಳು ಓ ಇವ್ನು ಅವ್ನೇ ಅಂದ್ಕೊಂಡು ಹಳೇ ಅಚ್ಚಿನ ಆ್ಯಂಟಿಬಾಡಿನೇ ರಾಶಿ ರಾಶಿ ಬಿಟ್ವು, ನಾಲ್ಕನೇ ದಿನ ದಪ್ಪ ಗೆರೆ ಬಂದಿದ್ದು ಅದೇ. ಆ ಆ್ಯಂಟಿಬಾಡಿ ಹೊಸ ವೈರಸ್ಸಿಗೆ ಅಂಟ್ಕೊಳುತ್ತೆ, ಆದ್ರೆ ಸರಿಯಾಗಿ ಕೂರಲ್ಲ, ವೈರಸ್ ಸಾಯಲ್ಲ. ಸಾಯದೇ ಇದ್ರೆ ಪರವಾಗಿಲ್ಲ ಅನ್ನಬಹುದಿತ್ತು, ಮುಂದಿನದು ಕೇಳಿ. ಮ್ಯಾಕ್ರೋಫೇಜ್ ಅಂತ ನುಂಗೋ ಕೋಶಗಳಿವೆ, ಅವುಗಳಿಗೆ ಆ್ಯಂಟಿಬಾಡಿಯ ಬಾಲ ಹಿಡಿಯೋ ಕೊಕ್ಕೆ ಇರುತ್ತೆ, ಆ್ಯಂಟಿಬಾಡಿ ಅಂಟಿರೋದು ಏನೇ ಸಿಗ್ಲಿ ಎಳ್ಕೊಂಡು ನುಂಗೋದೇ. ಡೆಂಗ್ಯೂಗೆ ಬೇಕಾಗಿದ್ದೂ ಅದೇ, ಅದು ಬೆಳೆಯೋದೇ ಆ ಕೋಶದೊಳಗೆ. ಮದುವೆ ಮನೆ ಬಾಗಿಲಲ್ಲಿ ಗುರುತಿಲ್ಲದೋನು ಒಬ್ಬನೇ ಬಂದ್ರೆ ಯಾರಪ್ಪ ನೀನು ಅಂತ ಕೇಳ್ತಾರೆ, ನಮ್ಮ ಚಿಕ್ಕಪ್ಪನ ಹೆಗಲ ಮೇಲೆ ಕೈ ಹಾಕ್ಕೊಂಡು ಬಂದ್ರೆ ಪನ್ನೀರು ಚಿಮುಕಿಸಿ ಸೀದಾ ಊಟದ ಪಂಕ್ತಿಗೇ ಕೂರಿಸ್ತಾರೆ. ಆ್ಯಂಟಿಬಾಡಿ ಇಲ್ಲಿ ಚಿಕ್ಕಪ್ಪ.

ಒಳಗೆ ಹೋಗಿ ಊಟ ಮಾಡಿ ಬೆಳೆದ ವೈರಸ್ ಜಾಸ್ತಿ, ಸೋಂಕು ತಗಲಿದ ಕೋಶ ಜಾಸ್ತಿ, ಅಷ್ಟೊತ್ತಿಗೆ ಟಿ ಸೆಲ್ ಅನ್ನೋ ಇನ್ನೊಂದು ಬಗೆ ಹಳೇ ಬಿಳಿ ರಕ್ತಕಣಗಳೂ ಎದ್ದು ಬಂದು ಆ ಕೋಶಗಳನ್ನ ಹೊಡೆಯೋಕೆ ನಿಂತ್ಕೊಳ್ತವೆ, ಎಲ್ಲಾ ಕಡೆಯಿಂದ ಸೈಟೋಕೈನ್ ಅನ್ನೋ ರಾಸಾಯನಿಕ ಸೂಚನೆಗಳು ಒಟ್ಟೊಟ್ಟಿಗೆ ಬೀಳ್ತವೆ. ರಕ್ತನಾಳದ ಒಳಗೋಡೆ ಸಡಿಲ ಆಗೋದು ಆಗ. ಎನ್‌ಎಸ್ 1 ಪ್ರೋಟೀನು ಕೂಡ ಆ ಗೋಡೆನ ನೇರವಾಗಿ ಸಡಿಲ ಮಾಡುತ್ತೆ ಅಂತ 2015ರಲ್ಲಿ ತೋರ್ಸಿದಾರೆ, ಹಂಗಾಗಿ ತಪ್ಪೆಲ್ಲಾ ನಮ್ಮೋರದ್ದೇ ಅಂತ ಹೇಳೋಕೂ ಆಗಲ್ಲ. ಗೋಡೆ ಒಡೆದಿರಲ್ಲ, ಸಂದು ಬಿಟ್ಟಿರುತ್ತೆ ಅಷ್ಟೇ, ಅದಕ್ಕೇ ಎರಡು ದಿನದಲ್ಲಿ ಮತ್ತೆ ಕೂಡ್ಕೊಳುತ್ತೆ, ಸೋರಿದ್ದ ನೀರು ವಾಪಸ್ ರಕ್ತಕ್ಕೆ ಬರೋಕೆ ಶುರು. ಆಗ ಡ್ರಿಪ್ ನಿಲ್ಲಿಸ್ಲಿಲ್ಲ ಅಂದ್ರೆ ಶ್ವಾಸಕೋಶದಲ್ಲಿ ನೀರು ತುಂಬ್ಕೊಳುತ್ತೆ. ಏಳನೇ ದಿನ ನನ್ನ ಡ್ರಿಪ್ ಕಿತ್ತಾಗ ಅಮ್ಮ ಡಾಕ್ಟ್ರ ಮೇಲೆ ಗರಂ ಆಗಿದ್ಲು, ಇನ್ನೆರಡು ಬಾಟ್ಲಿ ಹಾಕಿದ್ರೆ ಇವ್ರ ಗಂಟೇನ್ ಹೋಗ್ತಿತ್ತು ಅಂತ.

ಈ ಎರಡನೇ ಸಲದ ಕಥೆ ನಿನ್ನೆ ಮೊನ್ನೆದಲ್ಲ. ಎರಡನೇ ಮಹಾಯುದ್ಧದ ಟೈಮಲ್ಲಿ ಅಮೆರಿಕದ ಆಲ್ಬರ್ಟ್ ಸೇಬಿನ್, ಆಮೇಲೆ ಬಾಯಿಗೆ ಹಾಕೋ ಪೋಲಿಯೋ ಹನಿ ಮಾಡಿದ್ರಲ್ಲ ಅವ್ರೇ, ಸ್ವಯಂಸೇವಕರಿಗೆ ಬೇಕಂತಲೇ ಡೆಂಗ್ಯೂ ಕೊಟ್ಟು ನೋಡಿದ್ರು. ಅದೇ ಬಗೆ ಮತ್ತೆ ಕೊಟ್ರೆ ಏನೂ ಆಗ್ಲಿಲ್ಲ, ಬೇರೆ ಬಗೆ ಕೊಟ್ರೆ ಎರಡು ತಿಂಗಳವರೆಗೆ ರಕ್ಷಣೆ ಇತ್ತು, ಆಮೇಲೆ ಕರಗ್ತಾ ಹೋಯ್ತು. 60ರ ದಶಕದಲ್ಲಿ ಸ್ಕಾಟ್ ಹಾಲ್‌ಸ್ಟೆಡ್ ಅನ್ನೋರು ಬ್ಯಾಂಕಾಕ್‌ನಲ್ಲಿ ಮಕ್ಕಳ ವಾರ್ಡುಗಳ ಲೆಕ್ಕ ನೋಡಿದಾಗ ತೀವ್ರ ಡೆಂಗ್ಯೂ ಆಗಿರೋ ಮಕ್ಕಳು ಎರಡು ಗುಂಪಲ್ಲಿ ಸಿಕ್ರು. ಒಂದು, ಎರಡನೇ ಸಲ ಸೋಂಕಾದ ದೊಡ್ಡ ಮಕ್ಕಳು. ಇನ್ನೊಂದು, ಒಂದು ವರ್ಷದೊಳಗಿನ ಹಸುಗೂಸುಗಳು, ಅವಕ್ಕೆ ಮೊದಲನೇ ಸಲ. ಅದ್ಹೆಂಗೆ ಅಂದ್ರೆ ತಾಯಿಗೆ ಹಿಂದೆ ಡೆಂಗ್ಯೂ ಆಗಿರುತ್ತೆ, ಅವಳ ಆ್ಯಂಟಿಬಾಡಿ ಹೊಟ್ಟೇಲಿದ್ದಾಗ ಕೂಸಿಗೆ ಬಂದಿರುತ್ತೆ, ಮೊದಲು ಕೆಲವು ತಿಂಗಳು ಅದು ಕಾಪಾಡುತ್ತೆ, ಆರರಿಂದ ಒಂಬತ್ತು ತಿಂಗಳ ಹೊತ್ತಿಗೆ ಕಾಪಾಡೋಕೆ ಸಾಲಲ್ಲ ಆದ್ರೆ ಕೈಹಿಡಿದು ಒಳಗೆ ಕರ್ಕೊಂಡು ಹೋಗೋಕೆ ಸಾಕಾಗುತ್ತೆ.

ಇದನ್ನ ಓದಿದಾಗ ರಾತ್ರಿ ಹನ್ನೊಂದೂವರೆ. ನನ್ನ ತಂಗಿಗೂ 2019ರಲ್ಲೇ ಡೆಂಗ್ಯೂ ಆಗಿತ್ತು, ನಾನು ಇದನ್ನ ಓದೋ ಹೊತ್ತಿಗೆ ಅವಳ ಮಗಳಿಗೆ ಏಳು ತಿಂಗಳು. ಅಷ್ಟೊತ್ತಲ್ಲೇ ಫೋನ್ ಮಾಡ್ದೆ. "ಏನಣ್ಣಾ, ಸೀರಿಯಸ್ಸಾ?" ಅಂತ ಗಾಬರಿಲಿ ಎತ್ತಿದ್ಲು ಪಾಪ. ಮಗೂಗೆ ಹಗಲು ಮಲಗಿಸ್ವಾಗ್ಲೂ ಸೊಳ್ಳೆಪರದೆ ಹಾಕು ಅಂದೆ. ಇದಕ್ಕಾ ಈ ಹೊತ್ತಲ್ಲಿ ಫೋನ್ ಮಾಡಿದ್ದು ಅಂತ ಬೈದು ಇಟ್ಲು, ಆದ್ರೆ ಬೆಳಿಗ್ಗೆ ತೊಟ್ಟಿಲಿಗೆ ಪರದೆ ಕಟ್ಟಿರೋ ಫೋಟೋ ಬಂತು.

ಕ್ಯೂಬಾದು ಇನ್ನೂ ಬೆರಗು. ಅಲ್ಲಿ 1977ರಲ್ಲಿ ಡೆನ್ 1 ಊರೆಲ್ಲಾ ಹಬ್ಬಿತ್ತು. 1981ರಲ್ಲಿ ಡೆನ್ 2 ಬಂತು, 3,44,203 ಜನಕ್ಕೆ ಕಾಯಿಲೆ, 158 ಸಾವು, ಅದ್ರಲ್ಲಿ 101 ಮಕ್ಕಳು. ಆಮೇಲೆ ಸೊಳ್ಳೆ ನಿಯಂತ್ರಣ ಎಷ್ಟು ಜೋರಾಗಿ ಮಾಡಿದ್ರು ಅಂದ್ರೆ ವರ್ಷಗಟ್ಟಲೆ ಡೆಂಗ್ಯೂನೇ ಇಲ್ಲ. 1997ರಲ್ಲಿ ಸ್ಯಾಂಟಿಯಾಗೊ ಅನ್ನೋ ಊರಲ್ಲಿ ಮತ್ತೆ ಡೆನ್ 2 ಕಾಣಿಸ್ಕೊಳ್ತು, ಈ ಸಲ ಮಕ್ಕಳಿಗೆ ತೀವ್ರವಾಗಿ ಆಗ್ಲೇ ಇಲ್ಲ ಅನ್ನಬಹುದು, ಮಲಗಿದ್ದೆಲ್ಲಾ ದೊಡ್ಡೋರು. ಯಾಕಂದ್ರೆ ಮಕ್ಕಳು ಹುಟ್ಟಿದ್ದು ಆಮೇಲೆ, ಅವ್ರಿಗೆ ಡೆನ್ 1 ಗೊತ್ತೇ ಇಲ್ಲ, ಇಪ್ಪತ್ತು ವರ್ಷದ ಹಿಂದಿನ ನೆನಪು ಇದ್ದಿದ್ದು ದೊಡ್ಡೋರ ರಕ್ತದಲ್ಲಿ. ಆಮೇಲೆ 2017ರಲ್ಲಿ ನಿಕರಾಗುವಾದ ಮನಾಗುವಾ ಊರಿನ ಮಕ್ಕಳ ರಕ್ತ ವರ್ಷಾನುಗಟ್ಟಲೆ ತೆಗೆದಿಟ್ಕೊಂಡು ಲೆಕ್ಕ ಹಾಕಿದ್ದು ಬಂತು, ಆ್ಯಂಟಿಬಾಡಿ ತುಂಬಾ ಇದ್ರೆ ರಕ್ಷಣೆ, ಇಲ್ಲದೇ ಇದ್ರೂ ಅಷ್ಟೇನು ಅಪಾಯ ಇಲ್ಲ, ಮಧ್ಯದಲ್ಲಿ ಒಂದು ಮಟ್ಟ ಇದೆ, ಅಲ್ಲಿ ಸಿಕ್ಕಿಹಾಕ್ಕೊಂಡೋರಿಗೆ ತೀವ್ರ ಆಗೋ ಸಾಧ್ಯತೆ ಜಾಸ್ತಿ. ನಾನು ಐದು ವರ್ಷಕ್ಕೆ ಬಹುಶಃ ಸರಿಯಾಗಿ ಆ ಮಧ್ಯಕ್ಕೇ ಬಂದು ಕೂತಿದ್ದೆ. ಹೆದರಿಸೋಕೆ ಹೇಳ್ತಿಲ್ಲ, ಎರಡನೇ ಸಲ ಬಂದೋರಲ್ಲೂ ಬಹಳಷ್ಟು ಜನ ಮನೇಲೇ ಗಂಜಿ ಕುಡ್ಕೊಂಡು ಹುಷಾರಾಗ್ತಾರೆ.

ಪ್ಲೇಟ್ಲೆಟ್ ಬಗ್ಗೆ ಹೇಳ್ದೇ ಬಿಟ್ರೆ ಈ ಪೋಸ್ಟ್ ಯಾರೂ ಓದಲ್ಲ. ಒಂದೂವರೆ ಲಕ್ಷದ ಮೇಲೆ ಇರ್ಬೇಕಾದ್ದು ನಂಗೆ ಆರನೇ ದಿನ 28,000. ಮನೆಯವರ ವಾಟ್ಸಾಪ್ ಗ್ರೂಪಲ್ಲಿ ಅರ್ಜೆಂಟ್ ಬಿ ಪಾಸಿಟಿವ್ ಡೋನರ್ ಬೇಕು ಅಂತ ಯಾರೋ ಹಾಕೇಬಿಟ್ಟಿದ್ರು, ನಮ್ಮ ಮಾವ ಇನ್ನೊಂದು ಆಸ್ಪತ್ರೆಲಿ ವಿಚಾರಿಸಿದ್ರೆ ಕರ್ಕೊಂಡ್ಬನ್ನಿ ಈಗ್ಲೇ ಹಾಕ್ತೀವಿ ಅಂದ್ರಂತೆ. ನಮ್ಮ ಡಾಕ್ಟ್ರು ಹಾಕ್ಲಿಲ್ಲ. ರಕ್ತಸ್ರಾವ ಇಲ್ಲ, ಹತ್ತು ಸಾವಿರದ ಕೆಳಗೂ ಹೋಗಿಲ್ಲ, ಹೊರಗಿಂದ ಹಾಕಿದ್ದನ್ನೂ ನಿಮ್ಮ ಮೈ ಇಟ್ಕೊಳಲ್ಲ ಅಂದ್ರು. ಯಾಕಂದ್ರೆ ಒಂದು ಕಡೆ ಮೂಳೆಮಜ್ಜೆಲಿ ತಯಾರಾಗೋದು ಕಮ್ಮಿ, ಇನ್ನೊಂದು ಕಡೆ ಇರೋದ್ರ ಮೇಲೂ ಆ್ಯಂಟಿಬಾಡಿ ಅಂಟ್ಕೊಂಡು ನಾಶ ಆಗ್ತಿರುತ್ತೆ. ಎಂಟನೇ ದಿನ ತಾನಾಗೇ 61,000, ಹತ್ತನೇ ದಿನ 1,20,000. ಆರನೇ ದಿನಾನೇ ನಮ್ಮತ್ತೆ ಪರಂಗಿ ಎಲೆ ರಸ ತಂದು ಕುಡಿಸಿದ್ರು, ಹಂಗಾಗಿ ಊರೆಲ್ಲಾ ಈಗ ಪರಂಗಿ ಎಲೆದೇ ಮಹಿಮೆ. ಅದು ಏರೋ ಟೈಮಿಗೆ ಏನು ಕೊಟ್ಟಿದ್ರೂ ಅದಕ್ಕೇ ಕ್ರೆಡಿಟ್ಟು, ಕಿವಿ ಹಣ್ಣೋ ಮೇಕೆ ಹಾಲೋ. ಇಮ್ಯುನಿಟಿ ಬೂಸ್ಟರ್ ಅಂತ ಒಂದು ಡಬ್ಬಾನೂ ಗಿಫ್ಟ್ ಬಂತು ನೋಡಿ, ನಗು ತಡೆಯೋಕಾಗ್ಲಿಲ್ಲ, ನಂಗೆ ಆಗಿದ್ದೇ ಅದು ಜಾಸ್ತಿ ಆಗಿ.

ಲಸಿಕೆ ಬರೋಕೆ ಯಾಕೆ ಇಷ್ಟು ತಡ ಅಂತ ಕೇಳ್ತೀರಲ್ಲ, ಅದಕ್ಕೂ ಇದೇ ಕಾರಣ. ಫಿಲಿಪ್ಪೀನ್ಸಲ್ಲಿ 2016ರಲ್ಲಿ ಡೆಂಗ್‌ವ್ಯಾಕ್ಸಿಯಾ ಅನ್ನೋ ಲಸಿಕೆನ 8 ಲಕ್ಷಕ್ಕೂ ಜಾಸ್ತಿ ಮಕ್ಕಳಿಗೆ ಕೊಟ್ರು, 2017ರ ನವೆಂಬರಲ್ಲಿ ಆ ಕಂಪನಿನೇ ಹೇಳ್ತು, ಹಿಂದೆ ಡೆಂಗ್ಯೂ ಆಗ್ದೇ ಇರೋ ಮಕ್ಕಳಿಗೆ ಇದು ತೀವ್ರ ಡೆಂಗ್ಯೂ ಅಪಾಯ ಹೆಚ್ಚಿಸ್ಬಹುದು ಅಂತ. ಅಂದ್ರೆ ಲಸಿಕೆನೇ ಮೊದಲನೇ ಸೋಂಕಿನ ಥರ ಆಗಿ, ಆಮೇಲೆ ಬಂದ ಅಸಲಿ ಸೋಂಕು ಎರಡನೇದರ ಥರ ಆಗೋದು. ಗಲಾಟೆ ಎಷ್ಟಾಯ್ತು ಅಂದ್ರೆ ಜನ ಬೇರೆ ಲಸಿಕೆನೂ ಬೇಡ ಅನ್ನೋಕೆ ಶುರು ಮಾಡಿದ್ರು, 2019ರಲ್ಲಿ ಅಲ್ಲಿ ದಡಾರ ಹಬ್ತು. ಹಂಗಾಗಿ ಡೆಂಗ್ಯೂ ಲಸಿಕೆ ನಾಲ್ಕೂ ಜನರ ಮುಖನ ಒಂದೇ ಸಲಕ್ಕೆ ಸರಿಯಾಗಿ ತೋರಿಸ್ಬೇಕು, ಒಬ್ಬನ್ನ ಅರ್ಧಂಬರ್ಧ ತೋರಿಸಿದ್ರೂ ಕಷ್ಟ. ನಮ್ಮಲ್ಲಿ ಪ್ಯಾನೇಸಿಯಾ ಬಯೋಟೆಕ್ ಮತ್ತು ಐಸಿಎಂಆರ್ ಸೇರಿ ಡೆಂಗಿಆಲ್ ಅನ್ನೋ ಒಂದೇ ಡೋಸ್ ಲಸಿಕೆದು ಮೂರನೇ ಹಂತದ ಪರೀಕ್ಷೆನ 2024ರ ಆಗಸ್ಟಲ್ಲಿ ಶುರು ಮಾಡಿದ್ರು, ಹತ್ತು ಸಾವಿರದ ಮೇಲೆ ಜನರ ಮೇಲೆ. ಕಾದು ನೋಡೋಣ.

ಡಿಸ್ಚಾರ್ಜ್ ಆಗಿ ಮನೆಗೆ ಬಂದ್ಮೇಲೆ ಅಂಗೈ ಅಂಗಾಲು ಎಲ್ಲಾ ತುರಿಕೆ, ಕಾಲು ಪೂರ್ತಿ ಕೆಂಪಾಗಿ ಮಧ್ಯ ಮಧ್ಯ ಬೆಳ್ಳಗೆ ಚುಕ್ಕೆ ಉಳಿದಿತ್ತು, ಹುಷಾರಾಗೋ ಲಕ್ಷಣನೇ ಅಂತೆ. ಅಮ್ಮಂಗೆ ನಾಲ್ಕು ಅಣ್ಣತಮ್ಮಂದಿರ ಕಥೆ ಎಲ್ಲಾ ಹೇಳ್ದೆ. ಪೂರ್ತಿ ಕೇಳಿ ಸ್ವಲ್ಪ ಹೊತ್ತು ಸುಮ್ನಿದ್ದು, "ಹಂಗಾದ್ರೆ ಇನ್ನೂ ಇಬ್ರು ಬಾಕಿ ಅವ್ರಾ?" ಅಂದ್ಲು. ಅವ್ರೆ, ಆದ್ರೆ ಮೂರನೇ ನಾಲ್ಕನೇ ಸಲ ಸಾಮಾನ್ಯವಾಗಿ ಇಷ್ಟು ಜೋರಾಗಿ ಆಗಲ್ಲ ಅಂದೆ, ಅವಳಿಗೆ ಅಷ್ಟು ನಂಬಿಕೆ ಬಂದಂಗೆ ಕಾಣ್ಲಿಲ್ಲ.

ಸೆಪ್ಟೆಂಬರಲ್ಲಿ ಸರ್ಕಾರ ಡೆಂಗ್ಯೂನ ಸಾಂಕ್ರಾಮಿಕ ರೋಗ ಅಂತ ಘೋಷಣೆ ಮಾಡಿ, ನೀರು ನಿಲ್ಲಿಸಿದ್ರೆ ದಂಡ ಅಂತ ತಂದ ಮೇಲೆ ಆಶಾ ಕಾರ್ಯಕರ್ತೆ ನಮ್ಮ ಮನೆಗೂ ಬಂದ್ರು. ತಾರಸಿ ಮೇಲಿನ ಸಿಂಟೆಕ್ಸ್ ನೋಡಿದ್ರು, ಹಿತ್ತಲಲ್ಲಿ ತೆಂಗಿನ ಚಿಪ್ಪು ನೋಡಿದ್ರು, ಎಲ್ಲೂ ಏನಿಲ್ಲ, ಅಮ್ಮನ ಮುಖದಲ್ಲಿ ಹೆಮ್ಮೆ. ಆಮೇಲೆ ಫ್ರಿಜ್ ಸ್ವಲ್ಪ ಮುಂದಕ್ಕೆ ಎಳೀರಿ ಅಂದ್ರು. ಹಿಂದುಗಡೆ ನೀರು ತೊಟ್ಟಿಕ್ಕೋ ಟ್ರೇಗೆ ಮೊಬೈಲ್ ಟಾರ್ಚ್ ಬಿಟ್ರೆ ಮರಿಗಳು ತಲೆಕೆಳಗಾಗಿ ನೇತಾಡ್ತಾ ಪುಳಪುಳ ಅಂತಿವೆ. ಒಣಗಿದ ಟ್ರೇಲೂ ಇದರ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತೆ, ನೀರು ಚೆಲ್ಲಿದ್ರೆ ಸಾಲ್ದು, ಬ್ರಷ್ ಹಾಕಿ ಉಜ್ಜಬೇಕು ಅಂದ್ರು. ಅಮ್ಮಂಗೆ ಅವಮಾನ ತಡೆಯೋಕಾಗ್ಲಿಲ್ಲ. "ಅದು ಗಲೀಜ್ ನೀರಲ್ಲ ಕಣಮ್ಮ, ಫ್ರಿಜ್ಜಿಂದು, ಕ್ಲೀನಾಗೈತೆ."

"ಅದಕ್ಕೇ ಅಲ್ವಾ ಅಜ್ಜಿ, ಸೊಳ್ಳೆ ಅಲ್ಲಿ ಮೊಟ್ಟೆ ಇಟ್ಟಿರೋದು" ಅಂದ್ರು ಆಕೆ.